ರೊಟ್ಟಿ ಬಡಿಯುವ ಅತ್ತೆಯ ಬೇಸ್‌ಬಾಲ್

ಇಡೀ ಬಾಗಲಕೋಟೆಯಲ್ಲಿ ಬೇಸ್‌ಬಾಲ್ ತಿಳಿದವರು ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬಳೇ. ಅವಳಿಗೂ ಅದು ಪೂರ್ತಿ ತಿಳಿದಿಲ್ಲ ಎಂಬುದು ಬೇರೆ ಮಾತು! ಆದರೆ ತಿಳಿಯದಿರುವುದು ಅವಳ ಉತ್ಸಾಹಕ್ಕೆ ಎಂದಾದರೂ ಅಡ್ಡ ಬಂದಿದೆಯೇ? ಇಲ್ಲ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಅರವತ್ತು ದಾಟಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾಳೆ. ನಾನು ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುವವನು, ಮದುವೆಯಾಗಿಲ್ಲ, ಹಾಗಾಗಿ ಎರಡು ಹೊತ್ತಿನ ಊಟವೂ ಅಲ್ಲೇ. ಊರೆಲ್ಲ ಕ್ರಿಕೆಟ್ ಎಂದು ಕುಣಿಯುವಾಗ ಟಿ.ವಿ. ಬಂದ್ ಮಾಡುತ್ತಿದ್ದ ಹೆಂಗಸು ಇವಳು. ಐದು ದಿನ ಆಡಿ ಯಾರೂ ಗೆಲ್ಲದ ಆಟವನ್ನು ನೋಡುವವರಿಗೆ ಮನೆಯಲ್ಲಿ ಕೆಲಸ ಇರುವುದಿಲ್ಲ ಎಂಬುದು ಅವಳ ಸಿದ್ಧಾಂತ.

ಅಂಥವಳು ಕೆಟ್ಟದ್ದು ಬಚ್ಚಲುಮನೆಯಲ್ಲಿ. ಜಾರಿ ಬಿದ್ದು, ಪಾದದ ಗಂಟು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಳು. ಹೊತ್ತು ಹೋಗಲಿ ಎಂದು ನನ್ನ ಹಳೆಯ ಮೊಬೈಲಿನಲ್ಲಿ ವಚನಗಳನ್ನು ಹಚ್ಚಿಕೊಟ್ಟು ಕಾಲೇಜಿಗೆ ಹೋದೆ. ವಚನ ಮುಗಿದ ಮೇಲೆ ಆ ಮೊಬೈಲು ತನ್ನಿಷ್ಟದಂತೆ ಎಲ್ಲೆಲ್ಲೋ ಹಾರಿ ಅಮೇರಿಕಾದ ಒಂದು ಮೈದಾನದಲ್ಲಿ ಇಳಿದಿದೆ! ಸಂಜೆ ಬಂದು ನೋಡಿದರೆ ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದಾಳೆ.

"ತಮ್ಮಾ, ಇವ ಚೆಂಡ ಹೊಡದಾನ. ಹೊಡದು ಬ್ಯಾಟ ಒಗದು ಓಡಿ ಹೋಗ್ಯಾನ. ಏನ ತಪ್ಪ ಮಾಡ್ಯಾನೋ ಇವ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ತಪ್ಪಲ್ಲ, ಹಾಗೇ ಓಡಬೇಕು. ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ, ಎಂದರೆ 'ಮನೆ'ಗೆ, ಬಂದರೆ ಒಂದು ಅಂಕ. ಚೆಂಡು ಮೈದಾನದ ಆಚೆ ಹೋದರೆ ಅದು ಹೋಮ್‌ರನ್, ನಿಧಾನಕ್ಕೆ ನಡೆದು ಬಂದರೂ ನಡೆಯುತ್ತದೆ. ಅತ್ತೆ ಒಂದು ಗಳಿಗೆ ಯೋಚಿಸಿ ತೀರ್ಪು ಕೊಟ್ಟಳು. ಹೊಡೆಯುವುದು ಮುಗಿದ ಮೇಲೂ ಬ್ಯಾಟು ಹೊತ್ತುಕೊಂಡು ಓಡಾಡುವ ನಮ್ಮ ಕ್ರಿಕೆಟ್ಟಿನವರಿಗಿಂತ ಇವರು ಶಾಣ್ಯಾ ಮಂದಿ ಎಂದು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅವಳಿಗೊಂದು ತಂಡವೇ ಸಿಕ್ಕಿತ್ತು. ಅದರಲ್ಲಿ ಇಬ್ಬರು ಭಾರೀ ಹೊಡೆತಗಾರರು, ಒಬ್ಬನ ಹಿಂದೆ ಒಬ್ಬ ಬ್ಯಾಟು ಹಿಡಿದು ಬರುವವರು. ಅವರ ಹೆಸರು ಅತ್ತೆಯ ನಾಲಗೆಗೆ ಒಗ್ಗಲಿಲ್ಲ. ಒಬ್ಬ 'ಉದ್ದಾನಾವ' ಆದ, ಇನ್ನೊಬ್ಬ 'ಗುಂಡಾನಾವ'. ಇಬ್ಬರೂ ಬೇಕೇ ಬೇಕು ಎಂಬುದನ್ನು ನನಗೆ ಬಿಡಿಸಿ ಹೇಳುತ್ತಿದ್ದಳು. ಉದ್ದಾನಾವನಿಗೆ ಹೆದರಿ ಚೆಂಡನ್ನು ಬ್ಯಾಟಿಗೆ ಸಿಗದಂತೆ ದೂರ ಎಸೆದು ತಪ್ಪಿಸಿಕೊಳ್ಳೋಣವೆಂದರೆ ಹಿಂದೆಯೇ ಗುಂಡಾನಾವ ನಿಂತಿರುತ್ತಾನೆ. ಎಸೆಯುವವನು ಪಾಪ ಎಲ್ಲಿಗೆ ಹೋಗಬೇಕು?

ಅಲ್ಲಿಯ ರಾತ್ರಿ ನಮಗೆ ಬೆಳಗು. ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೇ ಆಟ! ಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ ಅತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಹೋಮ್‌ರನ್ ಬಂದ ದಿನ ಗಿರಾಕಿಗಳ ತಾಟಿಗೆ ಪುಂಡಿಪಲ್ಯ ಎರಡು ಪಾಲು ಬೀಳುತ್ತಿತ್ತು. ಹೀಗಾಗಿ ಬೇಸ್‌ಬಾಲಿನ ಗಂಧಗಾಳಿ ಇಲ್ಲದ ಬ್ಯಾಂಕಿನ ಕ್ಯಾಶಿಯರರು ಕೂಡ ಚಪ್ಪಲಿ ಬಿಡುವಾಗಲೇ "ಗುಂಡಾನಾವ ಬಂದು ಹೋದನೇನ್ರಿ?" ಎಂದು ವಿಚಾರಿಸುವುದನ್ನು ಕಲಿತರು. ಒಮ್ಮೆ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಹೋಮ್‌ರನ್ ಹೊಡೆದರು ನೋಡಿ! ಅತ್ತೆ ಕಣ್ಣು ಮೊಬೈಲಿನಲ್ಲಿ ನೆಟ್ಟು ಬಡಿದಳು, ಬಡಿದಳು, ಬಡಿಯುತ್ತಲೇ ಹೋದಳು. ರೊಟ್ಟಿ ಹಂಚು ಮೀರಿ ನಾಲ್ಕೂ ಕಡೆ ಜೋತುಬಿತ್ತು. ಅದನ್ನು ಕ್ಯಾಶಿಯರರು ಮಡಚಿ, ಮತ್ತೆ ಮಡಚಿ, ಆಫೀಸಿನ ಕಾಗದದಂತೆ ತಿಂದರು.

ಇಬ್ಬರೂ ಸೊನ್ನೆಗೆ ಔಟಾದ ದಿನ ಝುಣಕಕ್ಕೆ ಉಪ್ಪಿರಲಿಲ್ಲ. ಮೆಲ್ಲಗೆ ಉಪ್ಪು ಕೇಳಿದ್ದೂ ಅದೇ ಕ್ಯಾಶಿಯರರು. ಅತ್ತೆ ತಲೆ ಎತ್ತದೆ ಹೇಳಿದಳು: "ಅಲ್ಲಿ ಇಬ್ಬರದೂ ಸೊನ್ನಿ ಆಗೇತಿ. ನಿಮಗ ಉಪ್ಪಿನ ಚಿಂತಿ ಏನ್ರಿ."

ಹೀಗಿರುವಾಗ ಒಂದು ಮಧ್ಯಾಹ್ನ ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಬಂದ ಒಬ್ಬರು ಅಮೇರಿಕಾದ ಮುದುಕರನ್ನು ಕಾರಿನ ಡ್ರೈವರು ನಮ್ಮ ಖಾನಾವಳಿಗೆ ಕರೆತಂದ. ನಿವೃತ್ತ ಮಾಸ್ತರರಂತೆ. ಅತ್ತೆಯ ಸಂಭ್ರಮ ಕೇಳಬೇಕೆ! ನನ್ನನ್ನು ನಡುವೆ ಕೂರಿಸಿ, ಅವರದು ಯಾವ ತಂಡ ಎಂದು ಕೇಳಿಸಿದಳು. ಅವರು ಹೇಳಿದ್ದು ನೇರ ಎದುರಾಳಿ ತಂಡದ ಹೆಸರು. ಅತ್ತೆ ಅವರ ತಾಟಿನಲ್ಲಿ ಕೆಂಪು ಖಾರದ ಚಟ್ನಿಯನ್ನು ಸೌಟಿನಿಂದ ಬಡಿಸಿದಳು. ಮುದುಕರು ಒಂದು ತುತ್ತಿಗೇ ಕಣ್ಣು ಮೂಗು ಒರೆಸಿಕೊಂಡು, ಒಂದು ತಂಬಿಗೆ ನೀರು ಕುಡಿದು, ಮತ್ತೂ ಸ್ವಲ್ಪ ಹಾಕಿ ಎಂದು ಕೈಸನ್ನೆ ಮಾಡಿದರು! ಅಲ್ಲಿಗೆ ಅತ್ತೆ ಸೋತಳು. ಅವರ ತಾಟಿಗೆ ಬೆಣ್ಣೆ ಬಂತು.

ಊಟದ ಮೇಲೆ ಮುದುಕರು ತಮ್ಮ ಅಜ್ಜ ಕಣ್ಣಾರೆ ನೋಡಿದ ಇಬ್ಬರ ಕತೆ ಹೇಳಿದರು. ನಾನು ಕನ್ನಡ ಮಾಡುತ್ತ ಹೋದೆ. ಅವರಿಬ್ಬರೂ ಒಂದೇ ತಂಡದವರು, ಒಬ್ಬನ ಹಿಂದೆ ಒಬ್ಬ ಆಡುವವರು. ಅಂಥ ಜೋಡಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲವಂತೆ. ಒಬ್ಬ ದೊಡ್ಡ ಹೊಟ್ಟೆಯ, ದೊಡ್ಡ ನಗೆಯ ಆಸಾಮಿ. ಒಮ್ಮೆ ದೊಡ್ಡ ಪಂದ್ಯದಲ್ಲಿ ದೂರಕ್ಕೆ ಬೆರಳು ತೋರಿಸಿ ಚೆಂಡನ್ನು ಆ ಕಡೆಗೇ ಹೊಡೆದನಂತೆ. ಜಾಗ ತೋರಿಸಿದನೋ, ಎದುರಾಳಿಗಳನ್ನು ಗದರಿಸಿದನೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. "ಜಾಗಾನ ತೋರಿಸ್ಯಾನ," ಎಂದು ಅತ್ತೆ ಅದನ್ನು ಅಲ್ಲೇ ಇತ್ಯರ್ಥ ಮಾಡಿದಳು! ಇನ್ನೊಬ್ಬ ಮಿತಭಾಷಿ, ವರ್ಷಾನುಗಟ್ಟಲೆ ಒಂದು ಪಂದ್ಯವನ್ನೂ ತಪ್ಪಿಸದವನು. ಅಣ್ಣತಮ್ಮಂದಿರಂತೆ ಇದ್ದರು. ಆಮೇಲೆ ಒಬ್ಬನ ತಾಯಿ ಇನ್ನೊಬ್ಬನ ಮನೆಯ ಮಗುವಿನ ಬಟ್ಟೆಯ ಬಗ್ಗೆ ಏನೋ ಒಂದು ಮಾತು ಅಂದಳು. ಅಷ್ಟಕ್ಕೇ ಮಾತು ನಿಂತಿತು. ಒಂದೇ ತಂಡ, ಒಂದೇ ಮೈದಾನ, ವರ್ಷಗಟ್ಟಲೆ ಮಾತಿಲ್ಲ.

ಅತ್ತೆಯ ಮುಖ ಸಣ್ಣಗಾಯಿತು. ಯಾಕೆಂದು ನನಗೆ ಗೊತ್ತಿತ್ತು. ಈ ಖಾನಾವಳಿ ಅವಳೊಬ್ಬಳದಲ್ಲ. ಅವಳ ನೆಗೆಣ್ಣಿ, ಎಂದರೆ ಅವಳ ಮೈದುನನ ಹೆಂಡತಿ, ನಾವೆಲ್ಲ ಸಣ್ಣತ್ತೆ ಎನ್ನುವವಳು, ಅವಳೂ ಸೇರಿ ಶುರು ಮಾಡಿದ್ದು. ಇಬ್ಬರೂ ಎದುರುಬದುರು ಕೂತು ಬಡಿದರೆ ಸಪ್ಪಳ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಒಂದು ಶನಿವಾರ ತುಳಸಿಗೇರಿ ಹನುಮಪ್ಪನ ಭಕ್ತರು ಕಿಕ್ಕಿರಿದಿದ್ದಾಗ, ಸಣ್ಣತ್ತೆಯ ರೊಟ್ಟಿ ಮೆಟ್ಟಿನಂತೆ ದಪ್ಪಗಾಗಿದೆ ಎಂದು ಅತ್ತೆ ಎಲ್ಲರೆದುರು ಅಂದಳು. ಜನ ನಕ್ಕರು. ಸಣ್ಣತ್ತೆ ಕೈ ಒರೆಸಿಕೊಂಡು ಎದ್ದು ಇಳಕಲ್ಲಿನ ಮಗಳ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಸಂಜೆಗೆ ಬರುತ್ತಾಳೆ ಎಂದಿದ್ದಳು ಅತ್ತೆ. ಆರೇಳು ವರ್ಷವಾಗಿದೆ.

ಮುದುಕರು ಮುಂದುವರಿಸಿದರು. ಮಿತಭಾಷಿಗೆ ಕೈಕಾಲಿನ ಕಸುವೆಲ್ಲ ಹೋಗುವ, ಮದ್ದಿಲ್ಲದ ರೋಗ ಬಂತು. ಬೀಳ್ಕೊಡುವ ದಿನ ಮೈದಾನ ತುಂಬಿತ್ತು. ಅವನು ನಾಲ್ಕು ಮಾತಾಡಿದ. ಆಗ ಆ ಹೊಟ್ಟೆಯವನು ಹೋಗಿ ಅವನ ಕೊರಳಿಗೆ ಕೈ ಹಾಕಿ ತಬ್ಬಿಕೊಂಡ. ಮುದುಕರು ತಮ್ಮ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದರು. ಅತ್ತೆ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಅಪ್ಪಿಕೊಂಡಾವ ಒಬ್ಬನ ಅದಾನ. ಇನ್ನೊಬ್ಬ ಸುಮ್ಮ ನಿಂತಾನಲ್ಲೋ."

ಅದು ಹೌದು, ಅವನು ಮನಸಾರೆ ಕ್ಷಮಿಸಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದರು ಮುದುಕರು.

"ಇರ್ಲಿ," ಅಂದಳು ಅತ್ತೆ. "ಇವ ಹೋದನಲ್ಲ."

ಮರುದಿನ ಖಾನಾವಳಿಗೆ ಬೀಗ! ಅಂದು ಉದ್ದಾನಾವ, ಗುಂಡಾನಾವರ ದೊಡ್ಡ ಪಂದ್ಯವಿತ್ತು. ಅದನ್ನೂ ಬಿಟ್ಟು ನನ್ನನ್ನು ಎಳೆದುಕೊಂಡು ಇಳಕಲ್ ಬಸ್ಸು ಹತ್ತಿದಳು. ಅಮೀನಗಡದಲ್ಲಿ ಕರದಂಟು ಕೊಂಡಳು. ಹುನಗುಂದ ಬರುವ ಹೊತ್ತಿಗೆ ಧೈರ್ಯ ಸೋರಿ ಹೋಗಿ ಬಸ್ಸಿಳಿದೇ ಬಿಟ್ಟಳು. ವಾಪಸ್ಸು ಹೋಗೋಣ ಎಂದು ಹಟ. ಆ ಹೊಟ್ಟೆಯವನು ಹೋಗಲಿಲ್ಲವೇ ಎಂದು ನಾನು ನೆನಪಿಸಿದೆ.

"ಆತನ ಮೈಕಟ್ಟು ನೋಡಿದಿಲ್ಲ? ಅಂಥಾವ ಅಪ್ಪಿಕೊಂಡ್ರ ಯಾರಿಗೂ ಬಿಡಿಸ್ಕೊಳ್ಳಾಕ ಆಗಂಗಿಲ್ಲ. ನನ್ನ ಆಕಿ ನೂಕಿದ್ರ?"

ಕಂಡಕ್ಟರು ಸೀಟಿ ಊದಿದ. ಅತ್ತೆ ನನಗಿಂತ ಮೊದಲು ಬಸ್ಸು ಹತ್ತಿದಳು.

ಇಳಕಲ್ಲಿನ ಆ ಮನೆಯ ಬಾಗಿಲು ತೆರೆದೇ ಇತ್ತು. ಸಣ್ಣತ್ತೆ ನಮಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಜ್ಜೆಯ ಸಪ್ಪಳಕ್ಕೆ ಒಮ್ಮೆ ತಿರುಗಿ ನೋಡಿದಳು. ಮತ್ತೆ ಒಲೆಯ ಕಡೆ ತಿರುಗಿದಳು. ಅಪ್ಪಿಕೊಳ್ಳುವುದು ದೂರವೇ ಉಳಿಯಿತು. ಅತ್ತೆ ಹೋಗಿ ಪಕ್ಕದಲ್ಲಿ ಕೂತು ಹಿಟ್ಟಿಗೆ ಕೈ ಚಾಚಿದಳು.

ಸಣ್ಣತ್ತೆ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಬಸ್ಸಿನಾಗ ಬಂದೀ," ಅಂದಳು ಸಣ್ಣತ್ತೆ. "ಮದಲ ಕೈ ತೊಳಕೊಂಡ ಬಾ ಅಕ್ಕಾ."

ಅತ್ತೆ ಹಿತ್ತಲಿಗೆ ಹೋದಳು. ಎರಡು ಕೈ ತೊಳೆಯುವುದಕ್ಕೆ ಅಷ್ಟು ಹೊತ್ತು ಬೇಕೇ? ಮುಖವನ್ನೂ ತೊಳೆದುಕೊಂಡು ಬಂದು ಕೂತಳು. ಪರಾತ ಇಬ್ಬರ ನಡುವೆ ಇತ್ತು. ಊರಿಗೆಲ್ಲ ರೊಟ್ಟಿ ಉಣಿಸಿದ ನಮ್ಮತ್ತೆ ಒಂದು ರೊಟ್ಟಿ ಬಡಿದಳು. ಅದು ಹಂಚಿನ ಮೇಲೆ ಬೀಳುತ್ತಲೇ ನಡುವೆ ಹರಿಯಿತು. ಸಣ್ಣತ್ತೆ ಬೆರಳು ನೀರಿಗೆ ಅದ್ದಿ, ಚಿಟಿಕೆ ಹಿಟ್ಟು ತೆಗೆದು, ಹರಿದಲ್ಲಿ ಮೆತ್ತಿದಳು. ಬೆಂದ ಮೇಲೆ ಆ ರೊಟ್ಟಿಯನ್ನು ನನ್ನ ತಾಟಿಗೆ ಹಾಕಲು ಅತ್ತೆ ಕೈ ಎತ್ತಿದಳು.

"ಅದನ್ನ ಅವಗ ಕೊಡಬ್ಯಾಡ," ಅಂದಳು ಸಣ್ಣತ್ತೆ. "ಅದು ನನಗಿರ್ಲಿ."