ಬೆನ್ನಿಗೆ ಕೊಟ್ಟ ಅಂಗೈ

— ನೋಡಿ ಮೇಡಂ, ಬೆನ್ನಿಗೆ ಅಂಗೈ ಕೊಟ್ಟು ತೇಲಿಸೋದು ನಮ್ಮ ಕಂಪನಿಯ ಪದ್ಧತಿ. ಕೆಲಸ ಬಿಟ್ಟೋರು ಅದನ್ನ ಬಳಸೋ ಹಾಗಿಲ್ಲ ಅಂತ ನೀವೇ ಕರಾರಿಗೆ ಸಹಿ ಹಾಕಿದೀರಿ.

— ಹಾಕಿದೀನಿ ಸಾರ್. ಹಾಗಾದ್ರೆ ಅಂಗೈ ತೆಗೀಲಾ?

— ಅಯ್ಯೋ, ತೆಗೀಬೇಡಿ, ತೆಗೀಬೇಡಿ.

ಹೀಗೆ ಗೋಗರೆದವರು ಈಜು ಕಲಿಸುವ ಕಂಪನಿಯ ವಕೀಲರು. ಆ ಹೊತ್ತಿನಲ್ಲಿ ಅವರು ಕೊಳದ ನೀರಿನ ಮೇಲೆ ಅಂಗಾತ ಮಲಗಿದ್ದರು. ಕಂಪನಿ ಬಿಟ್ಟು ಸ್ವಂತ ಕ್ಲಾಸು ತೆರೆದ ಈ ಹೆಂಗಸಿನ ಮೇಲೆ ದಾವೆ ಹೂಡಿಯಾಗಿತ್ತು. ಸಾಕ್ಷಿಗೆಂದು ವಕೀಲರೇ ಏನೂ ಅರಿಯದವರಂತೆ ಬಂದು ಕ್ಲಾಸಿಗೆ ಸೇರಿದ್ದರು. ಗುಟ್ಟು ಮೊದಲ ದಿನವೇ ರಟ್ಟಾಯಿತು. ನೀರಿಗಿಳಿಯಿರಿ ಎಂದಾಗ ಮಹಾಶಯರು ಮೆಟ್ಟಿಲ ಮೇಲೆ ನಿಂತು, "ನನ್ನ ಆಕ್ಷೇಪಣೆ ಇದೆ" ಎಂದುಬಿಟ್ಟಿದ್ದರು.

— ಗೊತ್ತಿದ್ದೂ ಯಾಕೆ ಸೇರಿಸ್ಕೊಂಡ್ರಿ?

— ನೀರಿಗೆ ಹೆದರೋರನ್ನ ವಾಪಸ್ ಕಳಿಸೋದು ಹೇಗೆ ಸಾರ್? ಕುತ್ತಿಗೆ ಸಡಿಲ ಬಿಡಿ. ಚಾವಣಿ ನೋಡಿ.

— ಚಾವಣಿ ನೋಡಿ ಅನ್ನೋದೂ ನಮ್ಮದೇ. ಕರಾರಲ್ಲಿದೆ.

— ಅಂಗಾತ ಮಲಗಿದೋರು ಇನ್ನೆಲ್ಲಿ ನೋಡ್ಬೇಕು ಸಾರ್, ನೆಲಾನಾ? ಉಸಿರೆಳ್ಕೊಳ್ಳಿ.

— ಅದೂನೂ...

— ಉಸಿರೂ ಕಂಪನೀದೇನಾ? ಕಾಲು ಬಡೀಬೇಡಿ.

— ಬಡ್ಕೋತಾ ಇರೋದು ಕಾಲಲ್ಲ ಮೇಡಂ, ಎದೆ.

ಆಕೆಗೆ ನಗು ಬಂತು, ಆದರೆ ನಗಲಿಲ್ಲ.

— ನಾಳೆ ಕೋರ್ಟಲ್ಲಿ ನೀವು ಅಂಗೈ ಇತ್ತು ಅಂದ್ರೆ ನನ್ನ ಕ್ಲಾಸು ಮುಚ್ಚಿಸ್ತಾರೆ. ಒಬ್ರು ಅಜ್ಜಿ ಮೊನ್ನೆ ತಾನೇ ಕೊಳದ ಅಂಚಿನ ಕಂಬಿ ಬಿಟ್ಟು ತೇಲೋಕೆ ಶುರು ಮಾಡಿದಾರೆ. ಅವರಿಗೇನು ಹೇಳ್ಲಿ? ನನಗೆ ಬೇರೆ ಕೆಲಸಾನೂ ಬರಲ್ಲ.

ವಕೀಲರಿಗೆ ಪಾಪ ಅನ್ನಿಸಿತು. ಆದರೂ ಕಕ್ಷಿದಾರರ ಮುಖ ನೆನಪಾಗಿ ಗಂಟಲು ಸರಿಮಾಡಿಕೊಂಡರು.

— ಏನ್ ಮಾಡ್ಲಿ, ಪ್ರಮಾಣ ಮಾಡಿ ಹೇಳ್ಬೇಕಾಗುತ್ತೆ. ಈ ಕ್ಷಣದಲ್ಲೂ ನಿಮ್ಮ ಅಂಗೈ ನನ್ನ ಬೆನ್ನ ಕೆಳಗಿದೆ.

— ಇಲ್ವಲ್ಲ ಸಾರ್.

ವಕೀಲರು ಕಣ್ಣು ಹೊರಳಿಸಿದರು. ಆಕೆ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಎರಡೂ ಕೈ ಒರೆಸಿಕೊಳ್ಳುತ್ತಿದ್ದಳು.

— ಯಾವಾಗ ತೆಗೆದ್ರಿ?

— ಉಸಿರೂ ನಮ್ಮದೇ ಅನ್ನೋಕೆ ಹೊರಟ್ರಲ್ಲ, ಆಗ್ಲೇ. ತೇಲ್ತಾ ಇರೋದು ನೀವೇ. ಇದು ಯಾರ ಪದ್ಧತಿ ಅಂತ ಬರೀತೀರಿ?

ಬಕೆಟ್ಟಿನ ನೀರನ್ನೂ ನಂಬದೆ ಇಷ್ಟು ವಯಸ್ಸು ಕಳೆದ ಮನುಷ್ಯನಿಗೆ ಎಲ್ಲಿಲ್ಲದ ಸಂತೋಷವಾಯಿತು. ಸಂತೋಷದ ಬೆನ್ನಿಗೇ, ಕೆಳಗೆ ಯಾರೂ ಇಲ್ಲ ಎಂಬುದು ತಲೆಗೆ ಹೊಳೆಯಿತು. ಹೊಳೆದದ್ದೇ ತಡ, ಗುಳುಕ್ ಎಂದು ಮುಳುಗಿದರು.

ಆಕೆ ಟವೆಲು ಬಿಸಾಕಿ ಹಾರಿ, ಬೆನ್ನಿಗೆ ಅಂಗೈ ಕೊಟ್ಟು ಮೇಲೆತ್ತಿದಳು.

— ತಗೊಳ್ಳಿ, ಈಗ ಅಂಗೈ ಕೊಟ್ಟಿದೀನಿ. ಸುಳ್ಳು ಹೇಳೋಕೆ ನನಗೆ ಬರಲ್ಲ. ಬರ್ಕೊಳ್ಳಿ.

ವಕೀಲರು ಬಾಯ್ತುಂಬ ನೀರು ಉಗುಳಿದರು. ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡರು.

— ಯಾವ ಅಂಗೈ ಮೇಡಂ? ನನಗೇನೂ ಕಾಣ್ತಾ ಇಲ್ಲ. ನೀವು ಬಿಡಬೇಡಿ, ಅಷ್ಟೇ.