ಎರಡೇ ಗುದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಎಲೆ ಅಡಿಕೆಯ ಚಟ. ನನಗೆ ಬೇರೆಯವರ ದನಿಯ ಚಟ. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಅವರ ದನಿ ನನ್ನ ಗಂಟಲಲ್ಲಿ ಬಂದು ಕುಳಿತುಬಿಡುತ್ತದೆ. ಅಪ್ಪನ ಹಾಗೆ ಕೆಮ್ಮಿ ಅವ್ವನಿಂದ ಎರಡು ಸಲ ಚಹಾ ಮಾಡಿಸಿಕೊಂಡವನು ನಾನು. ಮೂರನೆಯ ಸಲ ಒಳಗಿನಿಂದ ಬಂದದ್ದು ಚಹಾ ಅಲ್ಲ, ಲಟ್ಟಣಿಗೆ. ಇಂಥವನಿಗೆ ಸಿಕ್ಕ ನೌಕರಿ ಎಂದರೆ ಎಣಿಸುವುದು.

ಸವಣೂರಿನಲ್ಲಿ ಎರಡಂತಸ್ತಿನ ದವಾಖಾನೆ ಏಳುವುದಿತ್ತು. ಮೊದಲೆಲ್ಲ ಮೇಸ್ತ್ರಿ ಹಿಮ್ಮಡಿಯಿಂದ ನೆಲ ಒದ್ದು ‘ಗಟ್ಟಿ ಐತಿ’ ಎಂದರೆ ಪಾಯ ತೋಡುತ್ತಿದ್ದರು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ಮೇಲೆ ನೆಲಕ್ಕೂ ಪರೀಕ್ಷೆ ಬಂತು. ಯಲವಿಗಿ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಮೂರು ಕಾಲಿನ ಚೌಕಟ್ಟು, ಉದ್ದ ಸಲಾಕೆ, ನನಗಿಂತ ತೂಕದ ಕಬ್ಬಿಣದ ಗುಂಡು ಬಂದಿಳಿದವು. ನೆಲಕ್ಕೆ ತೂತು ಹಾಕಿ ಸಲಾಕೆ ಇಳಿಸುವುದು, ಗುಂಡನ್ನು ಹಗ್ಗದಿಂದ ಎತ್ತಿ ಅದರ ತಲೆಯ ಮೇಲೆ ಬಿಡುವುದು, ಒಂದಡಿ ಇಳಿಯಲು ಎಷ್ಟು ಗುದ್ದು ಬೇಕಾದವೆಂದು ನಾನು ಎಣಿಸುವುದು. ಹೆಚ್ಚು ಗುದ್ದು ತಿಂದಷ್ಟೂ ಗಟ್ಟಿ. ನಮ್ಮ ಶಾಲೆಯ ಮಾಸ್ತರರ ಸಿದ್ಧಾಂತವೂ ಇದೇ. ನನ್ನೊಬ್ಬನ ವಿಷಯದಲ್ಲಿ ಮಾತ್ರ ಸುಳ್ಳಾಯಿತು.

ಬರಿದೇ ಎಣಿಸಿದರೆ ಬೇಸರ. ಐದರವರೆಗೆ ಎಲೆ ಮಾರುವವನ ದನಿ, ಹತ್ತರವರೆಗೆ ಬಸ್ ಕಂಡಕ್ಟರನ ದನಿ, ಮುಂದೆಲ್ಲ ನಮ್ಮ ಇಂಜಿನಿಯರ ಸಾಹೇಬರ ನಶ್ಯ ತುಂಬಿದ ಮೂಗಿನ ದನಿ. ಒಮ್ಮೆ ಅವರು ಊಟಕ್ಕೆ ಹೋದಾಗ ಬೇವಿನ ಮರದ ಹಿಂದಿನಿಂದ ಅವರ ಹಾಗೆಯೇ ‘ಹೂಂ, ನಿಲ್ಲಸ್ರಿ’ ಎಂದೆ. ಹಗ್ಗ ಎಳೆಯುವ ಕಾಸೀಮಸಾಬ ಮತ್ತವನ ಜೊತೆಯವರು ಹಗ್ಗ ಬಿಟ್ಟು ಆರಾಮಾಗಿ ಕುಳಿತರು. ಅಷ್ಟರಲ್ಲಿ ನಿಜವಾದ ಸಾಹೇಬರು ಬಂದರು. ಇನ್ನೊಮ್ಮೆ ಹೀಗಾದರೆ ನೌಕರಿ ಇಲ್ಲವೆಂದು ತಿಳಿ, ಎಂದರು.

ಮಾರನೆಯ ದಿನವೇ ನಾಲ್ಕನೆಯ ತೂತು. ಮೊದಲಿನ ಮೂರರಲ್ಲಿ ಹದಿನೈದರ ಆಸುಪಾಸು ಬಂದಿತ್ತು. ಇಲ್ಲಿ ಎರಡೇ ಗುದ್ದಿಗೆ ಸಲಾಕೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು. ನೆರಳಲ್ಲಿ ನಕ್ಷೆ ನೋಡುತ್ತಿದ್ದ ಸಾಹೇಬರಿಗೆ ಹೋಗಿ ಎರಡು ಎಂದೆ.

“ಉಳದ ಹದಿಮೂರು ಎಲ್ಲಿ ನುಂಗಿದಿ?” ಎಂದರು.

ಕಾಸೀಮಸಾಬ ಸಾಕ್ಷಿ ನುಡಿದ. ನಿನ್ನೆ ಇದೇ ಬಾಯಿ ನಂಬಿ ಹಗ್ಗ ಬಿಟ್ಟವನ ಸಾಕ್ಷಿ ಬೇಡವೆಂದರು. ಸಲಾಕೆಯ ತುದಿಯಲ್ಲಿ ಮಣ್ಣು ಹಿಡಿಯುವ ಕೊಳವೆ ಬಿಚ್ಚಿದರೆ ಮಣ್ಣಿನ ಜೊತೆ ಜೋಳದ ಒಣದಂಟು, ಕೊಳೆತ ಕಣಕಿ ಬಂತು. ಅದನ್ನೂ ನಾನೇ ತುರುಕಿದ್ದೆನಂತೆ. ಪುಸ್ತಕದಲ್ಲಿ ಹದಿನೈದು ಎಂದು ಬರೆದೇಬಿಟ್ಟರು. ನನ್ನ ನೌಕರಿ ಹೋದರೆ ಹೋಗಲಿ. ಆದರೆ ಆ ತೂತಿದ್ದ ಮೂಲೆಯ ಮೇಲೆ ಏಳುವುದಿದ್ದದ್ದು ಬಾಣಂತಿಯರ ಕೋಣೆ.

“ಸಾಹೇಬ್ರ, ಒಂದ ಮೊಳ ಸರದು ಇನ್ನೊಂದ ತೂತ ಹಾಕಸ್ರಿ. ನೀವ ಎಣಸ್ರಿ. ಹದಿನೈದು ಬಂದ್ರ ಇವತ್ತ ಮನಿಗೆ ಹೋಗ್ತೇನಿ,” ಎಂದು ನನ್ನ ಬಾಯಿಗೆ ನಾನೇ ಟವೆಲ್ ತುರುಕಿಕೊಂಡೆ.

ಸಾಹೇಬರು ನಶ್ಯ ಏರಿಸಿ ಸಲಾಕೆಯ ಪಕ್ಕ ನಿಂತರು. ‘ಒಂದು’ ಎಂದರು. ‘ಎರ’ ಎನ್ನುವಷ್ಟರಲ್ಲಿ ಸಲಾಕೆ ಇಳಿಯಿತು, ಗುಂಡು ಇಳಿಯಿತು, ಸಾಹೇಬರ ಬಲಗಾಲೂ ಮೊಳಕಾಲಿನವರೆಗೆ ಇಳಿಯಿತು. ಅವರನ್ನು ಮೇಲೆಳೆದ ಕಾಸೀಮಸಾಬ ಬಗ್ಗಿ ವಾಸನೆ ನೋಡಿದ.

“ಹಗೇವು ಐತ್ರಿ. ಯಾರದೋ ಮುತ್ಯಾನ ಕಾಲದ್ದು.”

ಜೋಳ ತುಂಬಿಡುವ ನೆಲದೊಳಗಿನ ಕಣಜ! ಸುತ್ತ ಕಣಕಿ ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ, ಖಾಲಿ ಮಾಡಿದ ಮೇಲೆ ಮನೆತನವೇ ಮರೆತದ್ದು. ಅಗೆದಾಗ ಇಬ್ಬರು ಒಬ್ಬರ ಮೇಲೊಬ್ಬರು ನಿಲ್ಲುವಷ್ಟು ಆಳವಿತ್ತು. ಸಾಹೇಬರು ಹದಿನೈದನ್ನು ಹೊಡೆದುಹಾಕಿ ಎರಡು ಎಂದು ಬರೆದು, ಪುಸ್ತಕವನ್ನೇ ನನ್ನ ಕೈಗಿಟ್ಟರು.

“ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರ, ಇನ್ನ ಎಲ್ಲಾ ಕಡೆ ನೀನ ಎಣಸು. ಆದ್ರ ನಿನ್ನ ಸ್ವಂತ ದನ್ಯಾಗ.”

ಅಂದು ಸವಣೂರಿನ ಪೇಟೆಯಲ್ಲಿ ನಾನು ನಡೆದ ನಡಿಗೆಗೆ ಒಂದು ಅಂಬಾರಿಯಷ್ಟೇ ಕಡಿಮೆ. ಎಲೆ ಮಾರುವವನ ದನಿಯನ್ನು ನಾನು ಅವನ ಮುಂದೆಯೇ ತೆಗೆದರೂ ಅವನು ನಕ್ಕು ಎರಡೆಲೆ ಹೆಚ್ಚು ಕೊಟ್ಟ.

ಹಿರೇಕೆರೂರಿನ ಮೊದಲ ತೂತಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಅಪ್ಪಟ ನನ್ನದೇ ದನಿಯಲ್ಲಿ ಎಣಿಸತೊಡಗಿದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಕಾಸೀಮಸಾಬ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟ.

“ಯಾರ ದನಿನೋ ತಮ್ಮಾ ಇದು? ಅಷ್ಟ ಚಲೋ ಬರವಲ್ದು, ಬಿಡು.”