ಬುಟ್ಟಿ... ಟ್ಟೀರಿ!

ಭಾಂಡುಪಿನ ಸ್ನೇಹಸಾಗರ್ ಸೊಸೈಟಿಯ ಲಿಫ್ಟಿಗೆ ಒಂದು ಕೆಟ್ಟ ಚಾಳಿಯಿತ್ತು. ಬಾಗಿಲು ಅರೆಕ್ಷಣ ತೆರೆದಿದ್ದರೂ ಸಾಕು, ಯಾರೋ ಜರಡಿ ಹಿಡಿದು ಸೋಸಿಟ್ಟಂಥ ಹೆಣ್ಣುದನಿಯಲ್ಲಿ, “ಕೃಪಯಾ ದರ್ವಾಜಾ ಬಂದ್ ಕೀಜಿಯೇ” ಎಂದು ಗೋಗರೆಯತೊಡಗುತ್ತಿತ್ತು. ಮೂರನೇ ಮಹಡಿಯ ಸತ್ಯಮೂರ್ತಿಗಳ ಆ ದಿನದ ರಾಮಾಯಣಕ್ಕೆಲ್ಲ ಈ ಲಿಫ್ಟೇ ಮಂಥರೆ.

ಸಂಕ್ರಾಂತಿ ಮುಗಿದ ವಾರ. ಸಂಜೆ ಏಳಕ್ಕೆ ಮನೆಯಲ್ಲಿ ಅರಿಶಿನ ಕುಂಕುಮ. ಬಿಲ್ಡಿಂಗಿನ ಹೆಂಗಸರಿಗೆ ಕೊಡಲೆಂದು ಹೆಂಡತಿ ಪಂಕಜಾ ತಿಂಗಳಿಡೀ ಕೂತು ಉಲ್ಲನ್ ದಾರದಲ್ಲಿ ಅಂಗೈಯಗಲದ ಬುಟ್ಟಿಗಳನ್ನು ಹೆಣೆದಿದ್ದರು. ಒಳಗೆ ಎಳ್ಳು ಬೆಲ್ಲ ತುಂಬಿ ಕೊಡುವುದು ಅವರ ಯೋಜನೆ. ಬೆಳಿಗ್ಗೆ ಎಂಟಕ್ಕೇ ಸಕ್ಕರೆ ಅಚ್ಚು ತರಲು ಜೋಗೇಶ್ವರಿಯ ತಂಗಿಯ ಮನೆಗೆ ಹೊರಟಿದ್ದರು. ಒಂದು ಕಾಲು ಲಿಫ್ಟಿನಲ್ಲಿ, ಒಂದು ಕಾಲು ಮೂರನೇ ಮಹಡಿಯಲ್ಲಿ.

“ರೀ, ಟೇಬಲ್ ಮೇಲಿರೋ ಹಳದಿ ಬುಟ್ಟಿ...”

“ಕೃಪಯಾ ದರ್ವಾಜಾ ಬಂದ್ ಕೀಜಿಯೇ.”

“...ಟ್ಟೀರಿ! ಕೇಳಿಸ್ತಾ? ನಾನು ಹೇಳಿದ ಹಾಗೆ ಇರದಿದ್ರೆ ಆ ನಿಮ್ಮ ಬೆತ್ತದ ಕುರ್ಚಿ ಇವತ್ತೇ ಗುಜರಿಗೆ, ಭಂಗಾರ್‌ವಾಲಾನ ಪಾಲು!”

ಲಿಫ್ಟು ಪಂಕಜಾರನ್ನು ನುಂಗಿ ಕೆಳಗಿಳಿಯಿತು. ಮಧ್ಯದಲ್ಲಿ ಅದು ನುಂಗಿದ ಮಾತನ್ನು ಸತ್ಯಮೂರ್ತಿ ತಾವೇ ತುಂಬಿಕೊಂಡರು. ಅದೇನು ಕಷ್ಟವಲ್ಲ. ಅವರು ಮುಟ್ಟಿದ ಮಿಕ್ಸರ್ ಹೊಗೆಯಾಡಿತ್ತು, ಇಸ್ತ್ರಿಪೆಟ್ಟಿಗೆ ರೇಷ್ಮೆ ಸೀರೆಯ ಮೇಲೆ ತನ್ನ ಭಾವಚಿತ್ರ ಬಿಟ್ಟಿತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ‘ಟ್ಟೀರಿ’ ಎಂದು ಕೊನೆಯಾಗುವ ಮಾತು ಅವರ ಕಿವಿಗೆ ಬಿದ್ದಿದ್ದು ಒಂದೇ: ಮುಟ್ಟೀರಿ!

ಇನ್ನು ಆ ಕುರ್ಚಿ. ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತಿತ್ತಲ್ಲ, ಹಾಗೆ ಸತ್ಯಮೂರ್ತಿಗಳ ಪ್ರಾಣ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿತ್ತು. ಅಪ್ಪ ಮೈಸೂರಿನಿಂದ ಲಾರಿಯಲ್ಲಿ ಕಳಿಸಿದ್ದು. ವಿಕ್ರೋಳಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ದಿನವಿಡೀ ನಟ್ಟು ಬೋಲ್ಟುಗಳ ಮುಖ ನೋಡಿ ಬಂದು, ಅದರಲ್ಲಿ ಒರಗಿ, ದೂರದ ಗುಡ್ಡದ ಮೇಲೆ ಸಂಜೆ ಇಳಿಯುವುದನ್ನು ನೋಡುತ್ತ ಕಾಫಿ ಹೀರಿದರೇ ಅವರಿಗೆ ತಾವು ಮನುಷ್ಯರೆಂದು ನೆನಪಾಗುತ್ತಿದ್ದುದು.

ಆದ್ದರಿಂದ ಹಳದಿ ಬುಟ್ಟಿಯನ್ನು ಅವರು ಮುಟ್ಟಲಿಲ್ಲ. ಬರೀ ನೋಡಿದರು. ಏಳನೆಯ ಕೋಣೆಯ ಬಾಗಿಲು ತೆರೆಯಬೇಡ ಎಂದಾಗ ರಾಜಕುಮಾರ ನೋಡುತ್ತಾನಲ್ಲ, ಹಾಗೆ. ದೇವರ ಮುಂದಿಡುವ ಮುಖ್ಯ ಬುಟ್ಟಿಯೇ ಇರಬೇಕು. ಸ್ವಲ್ಪ ಎಡಕ್ಕೆ ವಾಲಿತ್ತು. ಕಲೆಯೆಂದರೆ ವಾಲಿಯೇ ಇರುತ್ತದೇನೋ ಎಂದುಕೊಂಡು ಪಕ್ಕದಲ್ಲಿದ್ದ ಆಫೀಸ್ ಬ್ಯಾಗು ಹೆಗಲಿಗೇರಿಸಿ, ಬಾಗಿಲಿಗೆ ಬೀಗ ಹಾಕಿ, ಲಿಫ್ಟಿನ ಮೇಲಿನ ಸಿಟ್ಟಿಗೆ ಮೆಟ್ಟಿಲಿಳಿದರು.

ಮೊದಲ ಮಹಡಿಯಲ್ಲಿ ಗಂಗುಬಾಯಿ ರಂಗೋಲಿ ಹಾಕುತ್ತಿದ್ದರು. ಸೋಲಾಪುರದವರು; ಅವರ ಕನ್ನಡಕ್ಕೆ ಮರಾಠಿಯ ಒಗ್ಗರಣೆ.

“ಭಾವೂ, ಜರಾ ಥಾಂಬಾ, ನಿಲ್ರಿ. ನಿಮ್ಮ ಹಿಂದ ಬಾಲ ಬಂದದ.”

ಸತ್ಯಮೂರ್ತಿ ತಿರುಗಿ ನೋಡಿದರು. ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡ ಹಳದಿ ದಾರವೊಂದು ಮೆಟ್ಟಿಲು ಮೆಟ್ಟಿಲಿಗೂ ಬಳುಕುತ್ತ, ಎರಡನೇ ಮಹಡಿ ದಾಟಿ, ಮೇಲೆ ಮೇಲೆ ಹೋಗಿತ್ತು.

ಅವರು ದಾರ ಹಿಡಿದೇ ಓಡಿದರು. ಅದು ಅವರದೇ ಬಾಗಿಲಿನ ಅಡಿಗೆ ನುಸುಳಿತ್ತು. ಬೀಗ ತೆಗೆದು ನೋಡಿದರೆ ಟೇಬಲ್ಲಿನ ಮೇಲೆ ಬುಟ್ಟಿಯಿರಲಿಲ್ಲ. ಬುಟ್ಟಿಯ ಹೊಕ್ಕುಳೆನ್ನಬಹುದಾದ ಒಂದು ಗಂಟು ಮಾತ್ರ ನೆಲದ ಮೇಲೆ ಸತ್ತ ಜಿರಳೆಯಂತೆ ಅಂಗಾತ ಬಿದ್ದಿತ್ತು.

“ಹೋಯ್ತು ನನ್ನ ಕುರ್ಚಿ!” ಎಂದು ಸತ್ಯಮೂರ್ತಿ ಹೊಸ್ತಿಲಲ್ಲೇ ಕುಸಿದರು.

ಹಿಂದೆಯೇ ಏದುತ್ತ ಬಂದ ಗಂಗುಬಾಯಿ ಕತೆಯೆಲ್ಲ ಕೇಳಿ, ಸೀದಾ ಹೋಗಿ ಆ ಕುರ್ಚಿಯಲ್ಲೇ ಕೂತರು. “ಹೆದರಬ್ಯಾಡ್ರಿ. ಪಂಕಜಾತಾಯಿ ಐದಕ್ಕ ಬರ್ತಾರ, ಹೌದಿಲ್ಲೋ? ಅಲ್ಲೀತನಕ ಹೊಸಾ ಬುಟ್ಟಿ ಮಾಡೂಣು. ನಮ್ಮಪ್ಪ ಮಗ್ಗದಾಗ ಚಾದರ ನೇಯ್ತಿದ್ದ. ದಾರ ನಮ್ಮ ರಕ್ತದಾಗ ಅದ.”

“ನಿಮಗೆ ಕ್ರೋಶಾ ಬರುತ್ತಾ?”

“ಸರಪಳಿ ಬರ್ತದ.”

“ಆಮೇಲೆ?”

“ಆಮ್ಯಾಲ ನೋಡೂಣು.”

ಸತ್ಯಮೂರ್ತಿ ಆಫೀಸಿಗೆ ಸಂದೇಶ ಕಳಿಸಬೇಕಾಯಿತು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮೇಲಧಿಕಾರಿ ಧನರಾಜ್ ಸಾಹೇಬರಿಗೆ ತಮ್ಮ ಹಿಂದಿಯಲ್ಲಿ ಸತ್ಯವನ್ನೇ ಬರೆದರು: “ಸರ್, ಆಜ್ ಬುಟ್ಟಿ ಹೈ. ನಹೀಂ ಆವೂಂಗಾ.”

ಮರಾಠಿಯಲ್ಲಿ ಕೆಲಸಕ್ಕೆ ಚಕ್ಕರ್ ಹೊಡೆಯುವುದಕ್ಕೆ ‘ಬುಟ್ಟಿ’ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಚಕ್ಕರ್ ಹೊಡೆಯದ ಮನುಷ್ಯನಿಗೆ ಆ ಪದ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

ಕೊಕ್ಕೆಯ ಕಡ್ಡಿಯನ್ನು ಪಂಕಜಾ ಪರ್ಸಿನಲ್ಲಿ ಒಯ್ದಿದ್ದರು. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ನಾಲ್ಕು ಸುತ್ತು ಹೆಣೆಯುವುದು ಅವರ ರೂಢಿ. “ಕಡ್ಡಿ ಯಾಕ? ಬೊಟ್ಟು ಅದಲ್ಲ!” ಎಂದು ಗಂಗುಬಾಯಿ ಸತ್ಯಮೂರ್ತಿಗಳ ತೋರುಬೆರಳನ್ನೇ ಕೊಕ್ಕೆ ಮಾಡಿದರು. ಕುಣಿಕೆಯೊಳಗೆ ಬೆರಳು ತೂರಿಸು, ದಾರ ಎಳೆ, ಹೊಸ ಕುಣಿಕೆ. ಮತ್ತೆ ತೂರಿಸು, ಎಳೆ. ಹತ್ತು ಗಂಟೆಯ ಹೊತ್ತಿಗೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಸರಪಳಿ ಮೊಳದುದ್ದವಾಗಿತ್ತು.

ಆಗಲೇ ಫೋನು ಬಡಿದುಕೊಂಡಿತು. ಕೈ ಕುಣಿಕೆಯಲ್ಲಿದ್ದದ್ದರಿಂದ ಗಂಗುಬಾಯಿಯೇ ಸ್ಪೀಕರ್ ಒತ್ತಿದರು.

“ಸತ್ಯಮೂರ್ತಿ! ಬುಟ್ಟಿ? ಆಪ್ ಭೀ?” ಧನರಾಜ್ ಸಾಹೇಬರ ದನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಿತ್ತು.

“ಹಾಂ ಸರ್, ಬುಟ್ಟಿ. ಪೀಲಾ ರಂಗ್ ಕಾ,” ಎಂದು ಸತ್ಯಮೂರ್ತಿ ಹಳದಿ ಬಣ್ಣವನ್ನೂ ಸೇರಿಸಿ ಹೇಳಿದರು.

ಸಾಹೇಬರು ದನಿ ತಗ್ಗಿಸಿ, ಹೆಂಡತಿಗೆ ಗೊತ್ತಿದೆಯೇ ಎಂದು ವಿಚಾರಿಸಿದರು: “ಮಿಸೆಸ್ ಕೋ ಪತಾ ಹೈ?”

“ಪತಾ ಚಲಾ ತೋ ಮೇರಾ ಕುರ್ಸಿ ಜಾಯೇಗಾ, ಸರ್!”

“ಕುರ್ಸಿ? ಆಪ್‌ಕೀ ಕುರ್ಸಿ ತೋ ಮೇರೇ ಹಾಥ್ ಮೇಂ ಹೈ!” ಫೋನು ಕಟ್ಟಾಯಿತು.

ಹೊಟ್ಟೆ ಹಿಡಿದು ನಕ್ಕ ಗಂಗುಬಾಯಿ ಬುಟ್ಟಿಯ ಮರಾಠಿ ಅರ್ಥ ಬಿಡಿಸಿ ಹೇಳಿದಾಗ ಸತ್ಯಮೂರ್ತಿಗಳ ಮುಖ ನೆನೆಸಿಟ್ಟ ಅವಲಕ್ಕಿಯಾಯಿತು. ಬೆಳಿಗ್ಗೆ ಒಂದು ಕುರ್ಚಿಗೆ ಮಾತ್ರ ಕುತ್ತು ಬಂದಿತ್ತು. ಈಗ ವಿಕ್ರೋಳಿಯದೂ ಸೇರಿ ಎರಡು.

“ಚಿಂತಿ ಯಾಕ? ಬುಟ್ಟಿ ಮುಗದ ಮ್ಯಾಲ ಅದರ ಫೋಟೋ ಕಳಸ್ರಿ. ನೋಡಿ ತಿಳಕೋತಾರ.”

ಆದರೆ ಬುಟ್ಟಿ ಮುಗಿಯಬೇಕಲ್ಲ! ಮಧ್ಯಾಹ್ನದ ಹೊತ್ತಿಗೆ ಸರಪಳಿ ಅಡುಗೆಮನೆಯಿಂದ ಬಾಲ್ಕನಿಗೆ ಹೋಗಿ ವಾಪಸಾಗುವಷ್ಟು ಉದ್ದವಾಗಿತ್ತು. ಅದನ್ನು ಬುಟ್ಟಿಯಾಗಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿಲ್ಲ. ಸುತ್ತಿ ಗಂಟು ಹಾಕಿದರೆ ಟೋಪಿಯಾಯಿತು. ಬಿಚ್ಚಿ ಮತ್ತೆ ಸುತ್ತಿದರೆ ಸೌಟಿನ ಹಾಗೆ ಒಂದು ಹಿಡಿ ಹೊರಗೆ ಚಾಚಿಕೊಂಡಿತು. ಗಂಗುಬಾಯಿ ಕುರ್ಚಿಯಲ್ಲೇ ಒರಗಿ, “ವಿಚಾರ ಮಾಡಾಲತ್ತೀನಿ” ಎಂದು ಕಣ್ಣು ಮುಚ್ಚಿದರು. ವಿಚಾರ ಸಣ್ಣಗೆ ಗೊರಕೆ ಹೊಡೆಯತೊಡಗಿತು.

ಎರಡು ಗಂಟೆಗೆ ಪಾತ್ರೆ ತೊಳೆಯಲು ಸೋಮವ್ವ ಬಂದಳು. ಯಾದಗಿರಿ ಕಡೆಯ ಗಟ್ಟಿಗಿತ್ತಿ. ಆ ಬಿಲ್ಡಿಂಗಿನ ಒಂಬತ್ತು ಮನೆಗಳ ಗುಟ್ಟು ಅವಳ ಸೆರಗಿನ ಗಂಟಿನಲ್ಲಿತ್ತು.

“ಸಾಹೇಬ್ರ, ಏನಿದು ನೆಲದ ಮ್ಯಾಲ ಹಾವು ಆಡಸ್ಲತ್ತೀರಿ?”

“ಬುಟ್ಟಿ, ಸೋಮವ್ವ. ಬುಟ್ಟಿ ಆಗಬೇಕಿತ್ತು.” ಅವರು ಸರಪಳಿಯ ತುದಿ ಎತ್ತಿ ತೋರಿಸಿದರು.

ಸೋಮವ್ವ ಸೊಂಟದ ಮೇಲೆ ಕೈಯಿಟ್ಟು ಆ ಹಾವನ್ನು ನೋಡಿದಳು. “ಎಷ್ಟರ ಓದೀರಿ ನೀವು? ಕೊಡ ಹೊರೂ ಮುಂದ ತಲಿ ಮ್ಯಾಲ ಸಿಂಬಿ ಮಾಡ್ಕೊಂಡು ಇಡ್ತೀವಲ್ಲ, ಹಂಗ ಸುತ್ತ್ರಿ. ತಳ ಆಯ್ತೋ, ಗ್ವಾಡಿ ಏರಸ್ರಿ. ಸೂಜಿ ದಾರ ಎಲ್ಲದ?”

ಹಾಗೆ ಸುತ್ತಿನ ಮೇಲೆ ಸುತ್ತು ಕೂತಿತು. ಸತ್ಯಮೂರ್ತಿ ಸುತ್ತಿ ಹಿಡಿದರು, ಸೋಮವ್ವ ಸೂಜಿ ಹಾಕಿದಳು, ಎಚ್ಚರಾದ ಗಂಗುಬಾಯಿ ಕುರ್ಚಿಯಿಂದಲೇ “ಎಡಕ್ಕ! ಇನ್ನ ಎಡಕ್ಕ!” ಎಂದು ಸೂಚನೆ ಕೊಟ್ಟರು. ನಾಲ್ಕೂಮುಕ್ಕಾಲಿಗೆ ಟೇಬಲ್ಲಿನ ಮೇಲೆ ಹಳದಿ ಬುಟ್ಟಿ ನಿಂತಿತು. ನಿಂತಿತು ಎನ್ನುವುದಕ್ಕಿಂತ ಬಾರಿನಿಂದ ಹೊರಬಿದ್ದವನು ಲೈಟುಕಂಬ ಹುಡುಕುವ ಹಾಗೆ ವಾಲಿತು ಎನ್ನಬೇಕು. ಆದರೆ ಮೊದಲಿನದೂ ವಾಲಿತ್ತಲ್ಲ! ಸತ್ಯಮೂರ್ತಿಗಳಿಗೆ ಕಣ್ಣು ತುಂಬಿ ಬಂತು. ಐವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವರ ಕೈಯಿಂದ ಒಂದು ವಸ್ತು ಕೆಡದೆ ಹುಟ್ಟಿತ್ತು. ಫೋಟೋ ತೆಗೆದು ಧನರಾಜ್ ಸಾಹೇಬರಿಗೆ ಕಳಿಸಿದರು. ಎರಡು ನೀಲಿ ಗೀಟು ಮೂಡಿದವು, ಉತ್ತರ ಬರಲಿಲ್ಲ.

ಐದಕ್ಕೆ ಸರಿಯಾಗಿ ಹೊರಗೆ ದನಿ: “ಕೃಪಯಾ ದರ್ವಾಜಾ ಬಂದ್ ಕೀಜಿಯೇ.”

ಪಂಕಜಾ ಒಳಗೆ ಬಂದರು. ಸಕ್ಕರೆ ಅಚ್ಚಿನ ಡಬ್ಬಿ ಕೆಳಗಿಟ್ಟರು. ಟೇಬಲ್ ನೋಡಿದರು.

“ಇದೇನ್ರೀ?”

“ಬುಟ್ಟಿ,” ಎಂದರು ಸತ್ಯಮೂರ್ತಿ. “ನೀನು ಹೇಳಿದ ಹಾಗೇ. ಮುಟ್ಟಿಲ್ಲ.”

“ಮುಟ್ಟಿಲ್ವಾ? ಅಯ್ಯೋ ನನ್ನ ಕರ್ಮವೇ! ಬಿಚ್ಚಿಟ್ಟಿರಿ ಅಂತ ರಾಗ ಎಳೆದು ಹೇಳಿ ಹೋದೆನಲ್ರೀ! ಬಿಚ್ಚಿ... ಇಟ್ಟಿರಿ! ಅದು ಸೊಟ್ಟಗಾಗಿದೆ ಅಂತ ಕಡ್ಡಿ ತೆಗೆದು, ತುದಿ ಸಡಿಲ ಮಾಡಿಯೇ ಇಟ್ಟಿದ್ದೆ. ಬೀರುವಿನಲ್ಲಿರೋ ಹನ್ನೆರಡು ಬುಟ್ಟಿಗೂ ಆ ದಾರದಲ್ಲೇ ಹಿಡಿಕೆ ಹಾಕಬೇಕಿತ್ತು. ಆ ಹಳದಿ ದಾದರ್‌ನಲ್ಲೂ ಸಿಗಲಿಲ್ಲ. ಒಂದು ದಾರ ಎಳೆಯೋದಕ್ಕೂ ಆಗಲಿಲ್ವಾ ನಿಮಗೆ?”

ಸತ್ಯಮೂರ್ತಿ ಬೆರಳು ಮಡಚಿ ಲೆಕ್ಕ ಹಾಕಿದರು. ಬೆಳಿಗ್ಗೆ ಎಂಟು ಗಂಟೆಗೆ, ಎರಡೇ ನಿಮಿಷದಲ್ಲಿ, ಜೀವಮಾನದಲ್ಲೇ ಮೊದಲ ಸಲ ಅವರು ಹೆಂಡತಿ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮುಗಿಸಿದ್ದರು. ಉಳಿದ ಒಂಬತ್ತು ಗಂಟೆ ಅದನ್ನು ಕೆಡಿಸಲು ದುಡಿದಿದ್ದರು.

“ಏಳಕ್ಕೆ ಜನ ಬರ್ತಾರೆ. ಹನ್ನೆರಡು ಹಿಡಿಕೆ ಯಾವಾಗ ಹೆಣೆಯಲಿ?” ಪಂಕಜಾ ತಲೆಗೆ ಕೈಹೊತ್ತರು.

ಸೋಮವ್ವ ಕತ್ತರಿ ತಂದಳು. ಬುಟ್ಟಿಯ ಹೊಲಿಗೆಯನ್ನು ಕರಕರ ಕತ್ತರಿಸಿ, ತುದಿ ಹಿಡಿದು ಒಮ್ಮೆ ಝಾಡಿಸಿದಳು. ಹಳದಿ ಸರಪಳಿ ಉದ್ದಕ್ಕೆ ಬಿಚ್ಚಿಕೊಂಡಿತು. “ಹಿಡಕಿ ಅಂದ್ರ ಮತ್ತೇನ್ರೀ ಅಕ್ಕಾರ? ಇದ ಅಲ್ಲೇನು? ಹನ್ನೆರಡು ತುಂಡು ಮಾಡ್ರಿ, ಮುಗೀತು.”

ಪಂಕಜಾ ಸರಪಳಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಎಳೆದು ನೋಡಿದರು. “ಗಟ್ಟಿಯಾಗಿದೆ. ಒಂದೇ ಸಮ ಇದೆ. ಯಾರು ಹೆಣೆದದ್ದು?”

ಸತ್ಯಮೂರ್ತಿ ಬದನೆಕಾಯಿ ಬೆರಳನ್ನು ಮೇಲೆತ್ತಿ ತೋರಿಸಿದರು, ಮೂತ್ರಕ್ಕೆ ಹೋಗಲು ಅಪ್ಪಣೆ ಬೇಡುವ ಶಾಲೆಯ ಮಗುವಿನಂತೆ.

ಅರಿಶಿನ ಕುಂಕುಮ ಭರ್ಜರಿಯಾಯಿತು. ಬಂದ ಹೆಂಗಸರೆಲ್ಲ ಬುಟ್ಟಿಗಿಂತ ಹಿಡಿಕೆಯನ್ನೇ ಹೊಗಳಿದರು. ಹೊಗಳಿಕೆ ಕೇಳಿದಷ್ಟೂ ಒಳಕೋಣೆಯಲ್ಲಿದ್ದ ಸತ್ಯಮೂರ್ತಿ ಒಂದೊಂದು ಅಂಗುಲ ಬೆಳೆದರು. ಗದ್ದಲ ಕರಗಿ, ಗಂಗುಬಾಯಿ, ಸೋಮವ್ವ ಇಬ್ಬರೇ ಉಳಿದಾಗ, ಕಾಫಿ ಲೋಟ ಹಿಡಿದು ಕುರ್ಚಿಯ ಕಡೆ ನಡೆದರು.

ಕುರ್ಚಿಯಲ್ಲಿ ಪಂಕಜಾ ಕೂತಿದ್ದರು.

“ಭಂಗಾರ್‌ಗೆ ಕೊಡಲ್ಲ, ಹೆದರಬೇಡಿ,” ಎಂದು ಅವರು ನಕ್ಕರು. ಎಷ್ಟೋ ವರ್ಷದ ಹಿಂದಿನ ನಗು. “ಬಿ ವಿಂಗಿನವರು ನಲವತ್ತು ಬುಟ್ಟಿ ಕೇಳಿದಾರೆ. ಬುಟ್ಟಿ ನಂದು, ಹಿಡಿಕೆ ನಿಮ್ಮದು. ಗಂಗುಬಾಯಿ ಹೇಳಿದ್ರು, ನೀವು ನೆಲದ ಮೇಲೆ ಕೂತರೇ ಕೈ ಚೆನ್ನಾಗಿ ಓಡುತ್ತಂತೆ. ಇನ್ನು ಕುರ್ಚಿ ನನಗಿರಲಿ.”

ಅಷ್ಟರಲ್ಲಿ ಫೋನು ಮಿನುಗಿತು. ಧನರಾಜ್ ಸಾಹೇಬರ ಮರಾಠಿ ಸಂದೇಶ. ಸತ್ಯಮೂರ್ತಿ ಅದನ್ನು ಗಂಗುಬಾಯಿಯ ಮುಂದೆ ಹಿಡಿದರು. ಗಂಗುಬಾಯಿ ಕನ್ನಡಕ ಏರಿಸಿ ಓದಿ, ತಮ್ಮ ಕನ್ನಡದಲ್ಲಿ ಹೇಳಿದರು:

“ಹೆಂಡತಿಗೆ ಫೋಟೋ ತೋರಿಸಿದೆ, ಭಾಳ ಮನಸಿಗೆ ಬಂದದ ಅಂತಾರ. ನಾಳೀಗೂ ಬುಟ್ಟಿ ಹೊಡೀರಿ, ನಡೀತದ. ಆದ್ರ ನಾಡಿದ್ದು ಬರೂ ಮುಂದ ಒಂದು ಬುಟ್ಟಿ ತರ್ರಿ. ಹಳದೀನ ಬೇಕು. ಫೋಟೋದಾಗ ಇದ್ದಂಗ, ಅಷ್ಟ ವಾಲಿರಬೇಕು.”

ಸತ್ಯಮೂರ್ತಿ ಹನ್ನೆರಡು ಮನೆಗಳಿಗೆ ಹಂಚಿಹೋದ ಹಳದಿ ದಾರವನ್ನು ನೆನೆದು, ಕಾಫಿ ಲೋಟ ಕೆಳಗಿಟ್ಟು, ಪಂಕಜಾರ ಕಾಲ ಬಳಿ ನೆಲದ ಮೇಲೆ ಕೂತರು. ಅಲ್ಲಿಂದ ಗುಡ್ಡ ಕಾಣುತ್ತಿರಲಿಲ್ಲ. ಹೆಂಡತಿಯ ಮುಖ ಚೆನ್ನಾಗಿ ಕಾಣುತ್ತಿತ್ತು.

“ಪಂಕಜಾ,” ಎಂದರು ಮೆಲ್ಲಗೆ, “ಆ ಹಳದಿ ದಾರ ಇನ್ನೆಲ್ಲಾದ್ರೂ ಸಿಗುತ್ತಾ?”